ಹೇಳದೆ ಮಾರಿದ ಹಳೆಯ ಗಿಟಾರ್: ದೋಷ ಎಲ್ಲಿ, ದಾರಿ ಯಾವುದು?

ಹಳೆಯ ಎಲೆಕ್ಟ್ರಿಕ್ ಗಿಟಾರ್ ಬೇಕೆಂದರೆ ಈಗ ಅಂಗಡಿ ಅಂಗಡಿ ಅಲೆಯಬೇಕಿಲ್ಲ. ಒಎಲ್‌ಎಕ್ಸ್ ಇದೆ, ಫೇಸ್‌ಬುಕ್ ಮಾರ್ಕೆಟ್‌ಪ್ಲೇಸ್ ಇದೆ, ವಾದಕರ ವಾಟ್ಸ್‌ಆ್ಯಪ್ ಗುಂಪುಗಳಿವೆ. ಹೊರದೇಶದಲ್ಲಿರುವವರಿಗೆ ಈಬೇ, ರಿವರ್ಬ್. ಅಮೆರಿಕದಲ್ಲಿ ತಯಾರಾದ ಹೊಸ ಗಿಬ್ಸನ್ ಲೆಸ್ ಪಾಲ್ ನಮ್ಮಲ್ಲಿ ಲಕ್ಷಗಳ ಮಾತಾದ್ದರಿಂದ, ಕಲಿಯುವ ಹುಡುಗರಿಗೂ ಆರ್ಕೆಸ್ಟ್ರಾದಲ್ಲಿ ನುಡಿಸಿ ಬದುಕುವವರಿಗೂ ಸೆಕೆಂಡ್ ಹ್ಯಾಂಡೇ ಗತಿ. ನಾಲ್ಕು ಫೋಟೊ, ‘ಗುಡ್ ಕಂಡಿಷನ್’ ಎಂಬ ಒಂದು ಸಾಲು, ಯುಪಿಐನಲ್ಲಿ ಹಣ, ವಾರದೊಳಗೆ ಮನೆ ಬಾಗಿಲಿಗೆ ಪೆಟ್ಟಿಗೆ. ಬಿಚ್ಚಿ ನುಡಿಸಿದ ಮೇಲೆ ಜಾಹೀರಾತಿನಲ್ಲಿ ಇಲ್ಲದ ಸಂಗತಿಗಳು ಒಂದೊಂದಾಗಿ ಹೊರಬೀಳುತ್ತವೆ. ಫ್ರೆಟ್ ಸವೆದಿದೆ, ಒಂದು ಪಿಕಪ್ ಸದ್ದೇ ಮಾಡುತ್ತಿಲ್ಲ, ಹೆಡ್‌ಸ್ಟಾಕಿನ ಹಿಂದೆ ಅಂಟು ಹಾಕಿದ ಗೆರೆ ಕಾಣುತ್ತಿದೆ.

ಈಗೇನು ಮಾಡುವುದು? ಇದಕ್ಕೆ ವಾದ್ಯದ ರಚನೆ ತಿಳಿದವರು ಒಂದು ಉತ್ತರ ಕೊಡುತ್ತಾರೆ, ಕಾನೂನು ಮತ್ತೊಂದು ಹೇಳುತ್ತದೆ, ಮಾರುಕಟ್ಟೆಯ ರೂಢಿ ಮೂರನೆಯದನ್ನು. ಮೂರನ್ನೂ ಒಟ್ಟಿಗಿಟ್ಟು ನೋಡುವವರು ಕಡಿಮೆ. ಈ ಲೇಖನದ ಪ್ರಯತ್ನ ಅದೇ.

ಎಲ್ಲ ಕುಂದೂ ಒಂದೇ ಅಲ್ಲ

ಗಿಟಾರ್ ಗೋಡೆಗೆ ನೇತುಬಿದ್ದಿದ್ದರೂ ಭಾರ ಹೊರುತ್ತಲೇ ಇರುತ್ತದೆ. 25.5 ಅಂಗುಲ ತಂತಿಯಳತೆಯ ಫೆಂಡರ್ ಮಾದರಿಗೆ ಸಾಮಾನ್ಯವಾಗಿ ಹಾಕುವ 10-46 ತಂತಿಗಳ ಒಟ್ಟು ಎಳೆತ ಸುಮಾರು 45 ಕಿಲೋ. ಅಷ್ಟನ್ನೂ ತಡೆಯುವುದು ತೆಳುವಾದ ನೆಕ್ ಮತ್ತು ಅದರೊಳಗೆ ಹುದುಗಿರುವ ಟ್ರಸ್ ರಾಡ್ ಎಂಬ ಉಕ್ಕಿನ ಸರಳು. ಹಾಗಾಗಿ ಬಳಸಿದ ಗಿಟಾರಿನಲ್ಲಿ ಏನೂ ಕುಂದಿರಬಾರದೆಂದು ಬಯಸುವುದೇ ತಪ್ಪು. ಕುಂದಿನ ದರ್ಜೆ ಯಾವುದೆಂದು ಮೊದಲು ತಿಳಿಯಬೇಕು.

ಮೊದಲ ದರ್ಜೆಯವು ಹೊಂದಿಸಿದರೆ ಸರಿಹೋಗುವಂಥವು. ತಂತಿ ಎತ್ತರವಾಗಿದೆ, ಅಲ್ಲಲ್ಲಿ ಬಜ್ ಬರುತ್ತದೆ, ಮೇಲಿನ ಫ್ರೆಟ್‌ಗಳಲ್ಲಿ ಸ್ವರ ತುಸು ಜಾರುತ್ತದೆ, ವಾಲ್ಯೂಮ್ ತಿರುಗಿಸಿದರೆ ಕರಕರ ಸದ್ದು. ಇವೆಲ್ಲ ಒಂದು ಸೆಟಪ್‌ನಲ್ಲಿ, ವಾಲ್ಯೂಮ್ ಗುಂಡಿಯಡಿಯ ಪಾಟ್‌ಗೆ ಹಾಕುವ ಒಂದಿಷ್ಟು ಕಾಂಟ್ಯಾಕ್ಟ್ ಕ್ಲೀನರ್‌ನಲ್ಲಿ ಮುಗಿಯುತ್ತವೆ. ಇದಕ್ಕಾಗಿ ಮಾರಿದವರೊಡನೆ ಜಗಳಕ್ಕೆ ನಿಲ್ಲುವುದು ವ್ಯರ್ಥ.

ಎರಡನೆಯ ದರ್ಜೆಯವು ಜೇಬಿಗೆ ಕತ್ತರಿ ಹಾಕುವಂಥವು. ಫ್ರೆಟ್‌ಗಳಲ್ಲಿ ತಂತಿ ಕೊರೆದ ಗುಳಿಗಳು ಆಳವಾಗಿದ್ದರೆ ಸಮಮಾಡಿ ದುಂಡುಗೊಳಿಸಬೇಕು. ಅದನ್ನು ಆಗಲೇ ಒಂದೆರಡು ಬಾರಿ ಮಾಡಿದ್ದರೆ ಉಳಿದಿರುವ ಲೋಹ ಸಾಲದೆ ಫ್ರೆಟ್‌ಗಳನ್ನೇ ಬದಲಿಸಬೇಕಾಗುತ್ತದೆ. ಲ್ಯಾಕರ್ ಹಚ್ಚಿದ ಮೇಪಲ್ ಫ್ರೆಟ್‌ಬೋರ್ಡಿನಲ್ಲಿ ಆ ಕೆಲಸ ಇನ್ನೂ ನಾಜೂಕು, ಇನ್ನೂ ದುಬಾರಿ. ಸತ್ತ ಪಿಕಪ್, ಹಲ್ಲು ಸವೆದ ಟ್ಯೂನಿಂಗ್ ಕೀ, ಆಳವಾಗಿ ಕೊರೆದುಹೋದ ನಟ್ ಇದೇ ಸಾಲಿಗೆ ಸೇರುತ್ತವೆ.

ಮೂರನೆಯದು ಮರದ ಮೂಲಕ್ಕೇ ಬಿದ್ದ ಪೆಟ್ಟು. ಗಿಬ್ಸನ್ ಗಿಟಾರ್‌ಗಳ ಹೆಡ್‌ಸ್ಟಾಕ್ ಮುರಿತ ಇದರಲ್ಲಿ ಹೆಸರುವಾಸಿ. ಹಳೆಯ ಲೆಸ್ ಪಾಲ್‌ಗಳಲ್ಲಿ ಹೆಡ್‌ಸ್ಟಾಕ್ 17 ಡಿಗ್ರಿ ಹಿಂದಕ್ಕೆ ಬಾಗಿರುತ್ತದೆ, ಮರ ಮಹಾಗನಿ, ಟ್ರಸ್ ರಾಡಿನ ನಟ್ಟಿಗಾಗಿ ಮರ ಕೊರೆದ ಜಾಗ ಸರಿಯಾಗಿ ಕುತ್ತಿಗೆಯ ಅತಿ ತೆಳುವಾದ ಭಾಗದಲ್ಲೇ ಬರುತ್ತದೆ. ಸ್ಟ್ಯಾಂಡಿನಿಂದ ಹಿಂದಕ್ಕೆ ಬಿದ್ದರೆ ಸಾಕು, ಅಲ್ಲೇ ಸೀಳುತ್ತದೆ. ಒಳ್ಳೆಯ ಕೈ ಅಂಟಿಸಿದರೆ ನುಡಿಕೆಗೆ ತೊಂದರೆಯಿಲ್ಲ, ಆದರೆ ಬೆಲೆ ಹೆಚ್ಚುಕಡಿಮೆ ಅರ್ಧಕ್ಕಿಳಿಯುವುದು ಹಳೆಯ ಗಿಟಾರ್ ವ್ಯಾಪಾರದ ರೂಢಿ. ಹೇಳದೆ ಮಾರುವ ಆಸೆ ಹುಟ್ಟುವುದೂ ಈ ಅರ್ಧದಿಂದಲೇ. ಫೆಂಡರ್ ಮಾದರಿಯಲ್ಲಿ ನೆಕ್ಕನ್ನು ನಾಲ್ಕು ಸ್ಕ್ರೂಗಳಲ್ಲಿ ಬಿಗಿದಿರುವುದರಿಂದ ಕೆಟ್ಟರೆ ಬದಲಿಸಬಹುದು. ನೆಕ್ ತಿರುಚಿಕೊಂಡಿದ್ದರೆ, ಟ್ರಸ್ ರಾಡ್ ಕೊನೆಮುಟ್ಟಿದ್ದರೆ, ಅಗ್ಗದ ಗಿಟಾರಿಗೆ ರಿಪೇರಿ ಮೂಗಿಗಿಂತ ಮೂಗುತಿ ಭಾರ.

ನಾಲ್ಕನೆಯದು ಗುರುತಿನ ಮೋಸ. ಹೆಸರು ಒಂದು, ಒಳಗಿರುವುದು ಇನ್ನೊಂದು. ಗಿಬ್ಸನ್ನಿನ ಟ್ರಸ್ ರಾಡ್ ಮುಚ್ಚಳಕ್ಕೆ ಎರಡು ಸ್ಕ್ರೂ. ನಕಲಿಗಳಲ್ಲಿ ಆಗಾಗ ಮೂರಿರುತ್ತವೆ. ಅಮೆರಿಕದ ಗಿಟಾರಿನೊಳಗಿನ ಪಾಟ್‌ಗಳ ಬೆನ್ನಿನ ಮೇಲೆ ತಯಾರಕರ ಸಂಕೇತ, ವರ್ಷ, ವಾರ ಅಚ್ಚಾಗಿರುತ್ತವೆ. 137 ಎಂದು ಆರಂಭವಾದರೆ ಅದು ಸಿಟಿಎಸ್ ಕಂಪನಿಯದು. 1965ರ ಗಿಟಾರ್ ಎಂದು ಮಾರಿದ್ದರೊಳಗೆ 1978ರ ಪಾಟ್ ಸಿಕ್ಕರೆ ಒಂದೋ ಪಾಟ್ ಬದಲಾಗಿದೆ, ಇಲ್ಲವೇ ಗಿಟಾರೇ 1965ರದ್ದಲ್ಲ. ಬೇರೆ ಬೇರೆ ಗಿಟಾರ್‌ಗಳ ಭಾಗ ಕೂಡಿಸಿ ಒಂದು ಮಾಡುವುದು ಮಾತ್ರ ತಪ್ಪಲ್ಲ. ಎರಿಕ್ ಕ್ಲ್ಯಾಪ್ಟನ್ 1970ರಲ್ಲಿ ನ್ಯಾಶ್‌ವಿಲ್‌ನಲ್ಲಿ ಕೊಂಡ ಹಳೆಯ ಸ್ಟ್ರ್ಯಾಟೊಕ್ಯಾಸ್ಟರ್‌ಗಳ ಭಾಗಗಳಿಂದ ಕಟ್ಟಿಸಿಕೊಂಡ ‘ಬ್ಲ್ಯಾಕಿ’ 2004ರಲ್ಲಿ ಕ್ರಿಸ್ಟೀಸ್ ಹರಾಜಿನಲ್ಲಿ 9,59,500 ಡಾಲರ್‌ಗೆ ಹೋಯಿತು. ಅದರ ಹುಟ್ಟಿನ ಕಥೆ ಕೊಳ್ಳುವವರಿಗೆ ಗೊತ್ತಿತ್ತು, ಅಷ್ಟೇ ವ್ಯತ್ಯಾಸ.

ಇವುಗಳ ನಡುವೆ ಯಾರ ತಪ್ಪೂ ಅಲ್ಲದ ಒಂದು ಕುಂದೂ ಇದೆ. ಫ್ರೆಟ್‌ಬೋರ್ಡಿಗೆ ಬಳಸುವ ಮರಗಳಲ್ಲಿ ನಮ್ಮ ಪಶ್ಚಿಮಘಟ್ಟದ ಬೀಟೆಗೆ ದೊಡ್ಡ ಹೆಸರು. ಜಗತ್ತಿನ ಎಷ್ಟೋ ಗಿಬ್ಸನ್, ಫೆಂಡರ್‌ಗಳ ಮೇಲೆ ಬೆರಳಾಡುವುದು ಅದೇ ಮರದ ಮೇಲೆ. ಯಾವ ಮರವಾದರೂ ಮಳೆಗಾಲದ ಮಂಗಳೂರಿನಲ್ಲಿ ಹಿಗ್ಗುತ್ತದೆ, ಏಪ್ರಿಲ್‌ನ ರಾಯಚೂರಿನಲ್ಲಿ ಕುಗ್ಗುತ್ತದೆ. ಮರ ಕುಗ್ಗಿದಾಗ ಲೋಹದ ಫ್ರೆಟ್‌ಗಳ ತುದಿ ಅಂಚಿನಲ್ಲಿ ಹೊರಚಾಚಿ ಅಂಗೈಗೆ ಚುಚ್ಚುತ್ತವೆ. ಕಳಿಸಿದವರ ಮನೆಯಲ್ಲಿ ಇಲ್ಲದ ಈ ತೊಂದರೆ ಪಡೆದವರ ಮನೆಯಲ್ಲಿ ಹುಟ್ಟಿರಬಹುದು. ದೂರುವ ಮುನ್ನ ನಾಲ್ಕು ದಿನ ತಾಳಿ ನೋಡುವುದು ನ್ಯಾಯ.

ಪೆಟ್ಟಿಗೆ ಬಿಚ್ಚುವ ದಿನ

ಹಣ ವಾಪಸು ಬರುವುದೂ ಬಾರದಿರುವುದೂ ಬಹುಮಟ್ಟಿಗೆ ಮೊದಲ ದಿನದ ಒಂದು ಗಂಟೆಯಲ್ಲೇ ತೀರ್ಮಾನವಾಗುತ್ತದೆ. ಪೆಟ್ಟಿಗೆಯ ಆರೂ ಮುಖಗಳ ಫೋಟೊ ತೆಗೆದು, ಟೇಪ್ ಕತ್ತರಿಸುವುದರಿಂದ ಹಿಡಿದು ಎಲ್ಲವನ್ನೂ ತುಂಡಿಲ್ಲದ ಒಂದೇ ವಿಡಿಯೊದಲ್ಲಿ ಹಿಡಿದಿಡಬೇಕು. ಪ್ಯಾಕಿಂಗ್ ಬಿಸಾಡಬಾರದು: ಪೆಟ್ಟಾಗಿದ್ದು ಕೊರಿಯರ್‌ನಿಂದಲೋ ಮೊದಲೇ ಇತ್ತೋ ಎಂಬ ವಾದಕ್ಕೆ ಅದೇ ಸಾಕ್ಷಿ.

ನಂತರ ಟಾರ್ಚ್. ತಂತಿ ಕೂರುವ ನಟ್ಟಿನ ಹಿಂಬದಿಯಲ್ಲಿ, ಹೆಡ್‌ಸ್ಟಾಕ್ ನೆಕ್ಕನ್ನು ಸೇರುವೆಡೆ ಬೆಳಕನ್ನು ಓರೆಯಾಗಿ ಹಾಯಿಸಿ. ಲ್ಯಾಕರ್‌ನ ಮೇಲ್ಮೈ ಬಿರುಕುಗಳು ಸಣ್ಣಗೆ, ಹರಡಿಕೊಂಡು, ಬಾಡಿಯಲ್ಲೂ ಕಾಣುತ್ತವೆ. ಮುರಿತದ ಗೆರೆ ಒಂದು ಬದಿಯಿಂದ ಇನ್ನೊಂದು ಬದಿಗೆ ಮುಂದುವರಿಯುತ್ತದೆ, ಉಗುರಿಗೆ ತಡೆಯುತ್ತದೆ. ಅಲ್ಲಿ ಮಾತ್ರ ಬಣ್ಣ ಗಾಢವಾಗಿದ್ದರೆ ಅನುಮಾನ ಗಟ್ಟಿಯಾಗಬೇಕು. ನೋಟು ಪರೀಕ್ಷಿಸುವ ಅಲ್ಟ್ರಾವಯಲೆಟ್ ಟಾರ್ಚ್ ಇದ್ದರೆ ಇನ್ನೂ ಒಳ್ಳೆಯದು. ಹಳೆಯ ನೈಟ್ರೊಸೆಲ್ಯುಲೋಸ್ ಲ್ಯಾಕರ್ ಒಂದು ಬಗೆಯಲ್ಲಿ ಹೊಳೆದರೆ ಮೇಲೆ ಬಳಿದ ಹೊಸದು ಬೇರೆ ಬಗೆಯಲ್ಲಿ ಕಾಣುತ್ತದೆ.

ನೆಕ್ ನೋಡಲು ಆರನೇ ತಂತಿಯನ್ನು ಮೊದಲ ಮತ್ತು ಹದಿನೇಳನೇ ಫ್ರೆಟ್‌ನಲ್ಲಿ ಒಟ್ಟಿಗೆ ಒತ್ತಿ ಹಿಡಿಯಿರಿ. ಆಗ ತಂತಿಯೇ ನೇರ ಪಟ್ಟಿ. ಏಳು-ಎಂಟನೇ ಫ್ರೆಟ್‌ನ ಮೇಲೆ ಕಾಲು ಮಿಲಿಮೀಟರ್, ಅಂದರೆ ಒಂದು ವಿಸಿಟಿಂಗ್ ಕಾರ್ಡ್ ತೂರುವಷ್ಟು ಸಂದಿ ಇದ್ದರೆ ಸರಿ. ಸಂದಿ ಹೆಚ್ಚಿದ್ದರೂ ಇಲ್ಲದಿದ್ದರೂ ಟ್ರಸ್ ರಾಡ್‌ನಿಂದ ಹೊಂದಿಸಬಹುದು. ಆ ರಾಡಿನ ನಟ್ಟು ಕಚ್ಚಿಕೊಂಡು ಅಲ್ಲಾಡದಿದ್ದರೆ ಅಥವಾ ಎಷ್ಟು ತಿರುಗಿಸಿದರೂ ನೆಕ್ ಜಗ್ಗದಿದ್ದರೆ ಅದು ಮೂರನೇ ದರ್ಜೆಯ ಕುಂದು.

ಪಿಕಪ್ ಪರೀಕ್ಷೆಗೆ ಗಿಟಾರ್ ಬಿಚ್ಚಬೇಕಿಲ್ಲ. ಕೇಬಲ್ ಚುಚ್ಚಿ, ವಾಲ್ಯೂಮ್ ಪೂರ್ತಿ ಏರಿಸಿ, ಕೇಬಲ್ಲಿನ ಇನ್ನೊಂದು ತುದಿಯ ಮೊನೆಗೂ ಕೊಳವೆಗೂ ಮಲ್ಟಿಮೀಟರ್ ಹಿಡಿದರೆ ಸಿಂಗಲ್ ಕಾಯಿಲ್ ಸುಮಾರು 6 ಕಿಲೋ-ಓಮ್, ಹಂಬಕರ್ ಸುಮಾರು 8 ಕಿಲೋ-ಓಮ್ ತೋರಿಸುತ್ತದೆ. ಅದರ ಬದಲು 250 ಅಥವಾ 500 ಕಿಲೋ-ಓಮ್ ಆಸುಪಾಸಿನ ಅಂಕಿ ಬಂದರೆ ಮೀಟರ್ ಓದುತ್ತಿರುವುದು ವಾಲ್ಯೂಮ್ ಪಾಟನ್ನು ಮಾತ್ರ. ಪಿಕಪ್‌ನ ಸುರುಳಿಯಲ್ಲೋ ಅದರ ವೈರಿನಲ್ಲೋ ಎಲ್ಲೋ ಕಡಿತವಾಗಿದೆ. ಬ್ಯಾಟರಿ ಬೇಡುವ ಆ್ಯಕ್ಟಿವ್ ಪಿಕಪ್‌ಗೆ ಈ ಲೆಕ್ಕ ಹೊಂದುವುದಿಲ್ಲ. ಅಲ್ಲಿ ಮೊದಲು 9 ವೋಲ್ಟ್ ಬ್ಯಾಟರಿ ಬದಲಿಸಿ ನೋಡಬೇಕು.

ಇಷ್ಟನ್ನೂ ಫೋಟೊ ಸಮೇತ ಬರೆದಿಡುವ ತನಕ ಬಾಡಿಯ ಸ್ಕ್ರೂ ಬಿಚ್ಚಬಾರದು, ಏನನ್ನೂ ಬದಲಿಸಬಾರದು. ಕಾರಣ ಕಾನೂನಿನಲ್ಲಿದೆ.

ಮೌನ ಮೋಸವೇ?

ಕರಾರಿನ ಕಾನೂನು ನಮ್ಮಲ್ಲಿ 1872ರದು. ಆಗ ಎಲೆಕ್ಟ್ರಿಕ್ ಗಿಟಾರೂ ಇರಲಿಲ್ಲ, ಆನ್‌ಲೈನೂ ಇರಲಿಲ್ಲ. ಭಾರತೀಯ ಕರಾರು ಕಾಯ್ದೆಯ 17ನೇ ಕಲಮು ಉದಾಹರಣೆಗೆ ಎತ್ತಿಕೊಂಡದ್ದು ಕುದುರೆಯನ್ನು. ಕುದುರೆಗೆ ಕಾಯಿಲೆಯಿದೆಯೆಂದು ಗೊತ್ತಿದ್ದೂ ಒಬ್ಬ ಅದನ್ನು ಹರಾಜಿನಲ್ಲಿ ಮಾರುತ್ತಾನೆ, ಆ ಬಗ್ಗೆ ತುಟಿ ಬಿಚ್ಚುವುದಿಲ್ಲ. ಇದು ಮೋಸವಲ್ಲ ಎನ್ನುತ್ತದೆ ಕಾಯ್ದೆ. ಆದರೆ ಕೊಳ್ಳುವವನು, ನೀನು ಇಲ್ಲವೆನ್ನದಿದ್ದರೆ ಕುದುರೆ ಆರೋಗ್ಯವಾಗಿದೆ ಎಂದುಕೊಳ್ಳುತ್ತೇನೆ ಎಂದು ಹೇಳಿಯೂ ಮಾರುವವನು ಸುಮ್ಮನಿದ್ದರೆ, ಆ ಮೌನ ಮಾತಿಗೆ ಸಮ.

ಇಡೀ ವಿಷಯದ ತಿರುಳು ಈ ಎರಡು ಉದಾಹರಣೆಗಳ ನಡುವೆ ಇದೆ. ಕೇಳದಿದ್ದರೆ ಬರಿಯ ಮೌನಕ್ಕೆ ಶಿಕ್ಷೆಯಿಲ್ಲ. ಕೇಳಿದ್ದರೆ ಮೌನವೂ ಉತ್ತರವಾಗುತ್ತದೆ. ಇನ್ನು ಮುರಿದ ಗೆರೆಯ ಮೇಲೆ ಬಣ್ಣ ಬಳಿಯುವುದು, ಆ ಕೋನ ಬಿಟ್ಟು ಉಳಿದೆಲ್ಲ ಕೋನಗಳಿಂದ ಫೋಟೊ ತೆಗೆಯುವುದು ಬರಿಯ ಮೌನ ಅಲ್ಲ. ಗೊತ್ತಿರುವ ಸಂಗತಿಯನ್ನು ಮೋಸದ ಉದ್ದೇಶದಿಂದ ಮರೆಮಾಚುವುದನ್ನು ಅದೇ ಕಲಮು ಮೋಸವೆನ್ನುತ್ತದೆ. 19ನೇ ಕಲಮಿನಲ್ಲಿ ಇನ್ನೊಂದು ಎಚ್ಚರಿಕೆಯಿದೆ: ಸಾಮಾನ್ಯ ಜಾಗರೂಕತೆಯಿಂದ ನಿಜ ತಿಳಿಯುವ ದಾರಿ ಕೊಳ್ಳುವವನಿಗೆ ಇದ್ದಿದ್ದರೆ, ಮೌನದ ಹೆಸರಿನಲ್ಲಿ ಕರಾರು ರದ್ದು ಮಾಡಲಾಗದು. ಹೆಡ್‌ಸ್ಟಾಕಿನ ಹಿಂಬದಿಯ ಫೋಟೊ ಕೇಳುವುದು ಸಾಮಾನ್ಯ ಜಾಗರೂಕತೆ ಎಂದು ಎದುರು ವಕೀಲರು ವಾದಿಸಿದರೆ ಉತ್ತರ ಕೊಡುವುದು ಕಷ್ಟ.

ಸರಕು ಮಾರಾಟ ಕಾಯ್ದೆ, 1930 ಇನ್ನೊಂದು ಆಸರೆ. ವಿವರಣೆ ಕೊಟ್ಟು ಮಾರಿದ ಸರಕು ಆ ವಿವರಣೆಗೆ ತಕ್ಕಂತಿರಬೇಕು ಎನ್ನುತ್ತದೆ ಅದರ 15ನೇ ಕಲಮು. ಮಾರುವವರು ವ್ಯಾಪಾರಿಯೋ ಖಾಸಗಿ ವ್ಯಕ್ತಿಯೋ ಎಂಬ ಭೇದ ಇಲ್ಲಿಲ್ಲ. ಗುಣಮಟ್ಟದ ಭರವಸೆ ಹೇಳುವ 16ನೇ ಕಲಮಿನಲ್ಲಿ ಮಾತ್ರ ಆ ಭೇದವಿದೆ. ಹಾಗಾಗಿ ಖಾಸಗಿ ಮಾರಾಟಗಾರ ‘ಒರಿಜಿನಲ್ ಪಿಕಪ್’, ‘ರಿಪೇರಿ ಆಗಿಲ್ಲ’ ಎಂದು ಬರೆದಿದ್ದರೆ ಹಿಡಿಯಬಹುದು. ‘ಗುಡ್ ಕಂಡಿಷನ್’ ಎಂಬುದರಲ್ಲಿ ಹಿಡಿಯಲು ಏನೂ ಇಲ್ಲ. ಬಂದ ಸರಕನ್ನು ಪರೀಕ್ಷಿಸಲು ಸಕಾಲದ ಅವಕಾಶವನ್ನು 41ನೇ ಕಲಮು ಕೊಡುತ್ತದೆ. ತಕ್ಕ ಕಾಲ ಮೀರಿಯೂ ತಕರಾರು ತೆಗೆಯದೆ ಇಟ್ಟುಕೊಂಡರೆ, ಅಥವಾ ತನ್ನದೇ ಎಂಬಂತೆ ಪಿಕಪ್ ಬದಲಿಸಿ ಬಣ್ಣ ಹಚ್ಚಿದರೆ, 42ನೇ ಕಲಮಿನ ಪ್ರಕಾರ ಒಪ್ಪಿಕೊಂಡಂತೆ. ಆಮೇಲೆ ಪರಿಹಾರ ಕೇಳಬಹುದೇ ಹೊರತು ಗಿಟಾರ್ ಹಿಂದಿರುಗಿಸುವುದು ಕಷ್ಟ. ನಿರಾಕರಿಸುವ ಹಕ್ಕಿದ್ದು ನಿರಾಕರಿಸಿದರೆ, ಬೇರೆ ಒಪ್ಪಂದವಿಲ್ಲದಿದ್ದಲ್ಲಿ, ಗಿಟಾರನ್ನು ಸ್ವಂತ ಖರ್ಚಿನಲ್ಲಿ ವಾಪಸು ಕಳಿಸಬೇಕಾಗಿಯೂ ಇಲ್ಲ. ಒಪ್ಪುವುದಿಲ್ಲ ಎಂದು ತಿಳಿಸಿದರೆ ಸಾಕು ಎನ್ನುತ್ತದೆ 43ನೇ ಕಲಮು.

ಗ್ರಾಹಕ ಸಂರಕ್ಷಣಾ ಕಾಯ್ದೆ, 2019 ಎಲ್ಲರಿಗೂ ಗೊತ್ತಿರುವ ಅಸ್ತ್ರ. ಜಿಲ್ಲಾ ಗ್ರಾಹಕ ಆಯೋಗದಲ್ಲಿ ತಾವಿರುವ ಊರಿನಲ್ಲೇ ದೂರು ಕೊಡಬಹುದು, 5 ಲಕ್ಷ ರೂಪಾಯಿವರೆಗಿನ ಖರೀದಿಗೆ ಶುಲ್ಕವಿಲ್ಲ, ಎರಡು ವರ್ಷದ ಅವಧಿಯಿದೆ, ಸಲಹೆಗೆ 1915 ಸಹಾಯವಾಣಿಯಿದೆ. 2020ರ ಇ-ಕಾಮರ್ಸ್ ನಿಯಮಗಳ ಪ್ರಕಾರ, ಜಾಹೀರಾತಿನಲ್ಲಿ ಹೇಳಿದಂತಿಲ್ಲದ ಸರಕನ್ನು ವಾಪಸು ಪಡೆಯಲು ಮಾರಾಟಗಾರರು ನಿರಾಕರಿಸುವಂತಿಲ್ಲ. ಆದರೆ ವ್ಯಾಪಾರವಾಗಿ ಅಲ್ಲದೆ ತನ್ನ ಸ್ವಂತ ವಸ್ತುವನ್ನು ಮಾರುವ ವ್ಯಕ್ತಿಯನ್ನು ಅದೇ ನಿಯಮಗಳು ಹೊರಗಿಟ್ಟಿವೆ. ಹಳೆಯ ಗಿಟಾರ್ ಮಾರಾಟದಲ್ಲಿ ಬಹಳಷ್ಟು ಇಂಥದೇ. ತಿಂಗಳಿಗೆ ನಾಲ್ಕು ಗಿಟಾರ್ ಮಾರುತ್ತ ‘ನನ್ನದೇ, ನುಡಿಸಲು ಟೈಮಿಲ್ಲ’ ಎನ್ನುವವನ ವಿಷಯ ಬೇರೆ. ಅವನ ಉಳಿದ ಜಾಹೀರಾತುಗಳ ಸ್ಕ್ರೀನ್‌ಶಾಟ್ ತೆಗೆದಿಟ್ಟರೆ ಅವನು ವ್ಯಾಪಾರಿಯೆಂದು ವಾದಿಸಲು ಬರುತ್ತದೆ.

ಬೇರೆ ದೇಶಗಳಲ್ಲೂ ಚಿತ್ರ ತೀರ ಬೇರೆಯಲ್ಲ. ಬ್ರಿಟನ್ನಿನ 2015ರ ಗ್ರಾಹಕ ಹಕ್ಕು ಕಾಯ್ದೆಯಲ್ಲಿ ವ್ಯಾಪಾರಿಯಿಂದ ಕೊಂಡ ದೋಷದ ಸರಕನ್ನು 30 ದಿನಗಳೊಳಗೆ ತಿರಸ್ಕರಿಸಬಹುದು. ಖಾಸಗಿಯವರಿಂದ ಕೊಂಡರೆ ವಿವರಣೆಗೆ ತಕ್ಕಂತಿರಬೇಕು ಎಂಬಷ್ಟೇ ರಕ್ಷಣೆ. ಅಮೆರಿಕದಲ್ಲೂ ಗುಣಮಟ್ಟದ ತಾನಾದ ಭರವಸೆ ವ್ಯಾಪಾರಿಗೆ ಮಾತ್ರ ಅನ್ವಯ, ‘ಇದ್ದ ಹಾಗೆ’ ಎಂದು ಬರೆದು ಮಾರಿದರೆ ಅದೂ ಬಹುಮಟ್ಟಿಗೆ ಹೋಗುತ್ತದೆ. ಎಲ್ಲೆಡೆಯೂ ಕಾನೂನು ಕೇಳುವುದು ಒಂದೇ: ಮಾರುವಾಗ ಏನು ಹೇಳಿದ್ದರು?

ಹಣ ಹೋದ ದಾರಿ

ಕಾಯ್ದೆಗಿಂತ ಬೇಗ ಕೆಲಸಕ್ಕೆ ಬರುವುದು ಹಣ ಕೊಟ್ಟ ವಿಧಾನ. ಈಬೇ ತನ್ನ ಖಾತರಿ ಯೋಜನೆಯಲ್ಲಿ ವಿವರಣೆಗೆ ಹೊಂದದ ವಸ್ತುವಿನ ಬಗ್ಗೆ ದೂರಲು ಸಾಮಾನ್ಯವಾಗಿ 30 ದಿನ ಕೊಡುತ್ತದೆ, ಪೇಪಾಲ್ 180 ದಿನ. ಅಲ್ಲಿ ಹಣ ಮಧ್ಯವರ್ತಿಯ ಕೈ ದಾಟಿ ಹೋಗುವುದರಿಂದ ತಡೆಯಲು, ಹಿಂಪಡೆಯಲು ಅವಕಾಶವಿದೆ. ನಮ್ಮ ಜಾಹೀರಾತು ತಾಣಗಳಲ್ಲಿ ಹಾಗಲ್ಲ. ತಾಣ ಇಬ್ಬರನ್ನು ಪರಿಚಯಿಸುತ್ತದೆ, ಹಣ ನೇರ ಯುಪಿಐನಲ್ಲಿ ಹೋಗುತ್ತದೆ. ನೀವೇ ಪಿನ್ ಒತ್ತಿ ಕಳಿಸಿದ ಹಣವನ್ನು, ಗಿಟಾರ್ ಚೆನ್ನಾಗಿಲ್ಲ ಎಂಬ ಕಾರಣಕ್ಕೆ ಬ್ಯಾಂಕ್ ವಾಪಸು ತರುವುದಿಲ್ಲ. ಹಣ ಪಡೆದು ಗಿಟಾರನ್ನೇ ಕಳಿಸದಿದ್ದರೆ ಅದು ಸೈಬರ್ ವಂಚನೆ; ತಡಮಾಡದೆ 1930 ಸಹಾಯವಾಣಿಗೆ ಕರೆ ಮಾಡಬೇಕು. ಬಂದ ಗಿಟಾರ್ ಕುಂದಿನದಾದರೆ ಪೊಲೀಸ್ ಠಾಣೆಯಲ್ಲಿ ‘ಇದು ಸಿವಿಲ್ ವ್ಯಾಜ್ಯ’ ಎಂಬ ಉತ್ತರಕ್ಕೆ ಸಿದ್ಧರಿರಬೇಕು.

ಆದ್ದರಿಂದ ಹೆಚ್ಚಿನವರಿಗೆ ಉಳಿಯುವುದು ಮಾತುಕತೆ. ಅದರಲ್ಲಿ ಮೂರು ದಾರಿಗಳಿವೆ. ಮೂರನೇ, ನಾಲ್ಕನೇ ದರ್ಜೆಯ ಕುಂದಾದರೆ ಪೂರ್ತಿ ವಾಪಸು ಕೇಳಬೇಕು. ಸ್ವಲ್ಪ ಹಣಕ್ಕೆ ಒಪ್ಪಿ ನಕಲಿಯನ್ನು ಇಟ್ಟುಕೊಂಡರೆ ನಾಳೆ ಅದನ್ನು ಮಾರುವಾಗ ನಾವೇ ಆ ಜಾಗದಲ್ಲಿ ನಿಂತಿರುತ್ತೇವೆ. ಎರಡನೇ ದರ್ಜೆಯದಾದರೆ ಬೆಲೆ ಕಡಿತ ಉತ್ತಮ. ನಂಬಿಕಸ್ತ ರಿಪೇರಿಯವರಿಂದ ಲಿಖಿತ ಅಂದಾಜು ಪಡೆದು ಆ ಮೊತ್ತವನ್ನೇ ಕೇಳಬೇಕು. 40,000 ರೂಪಾಯಿಯ ಗಿಟಾರಿಗೆ 6,000 ರೂಪಾಯಿಯ ಅಂದಾಜು ಚೀಟಿ ತೋರಿಸಿದರೆ ಚರ್ಚೆ ನಡೆಯುತ್ತದೆ; ‘ಮೋಸ ಮಾಡಿದ್ರಿ, ಅರ್ಧ ವಾಪಸ್ ಕೊಡಿ’ ಎಂದರೆ ನಂಬರ್ ಬ್ಲಾಕ್ ಆಗುತ್ತದೆ. ಮೊದಲ ದರ್ಜೆಯದಾದರೆ ಸೆಟಪ್ ಮಾಡಿಸಿ ನುಡಿಸುವುದೇ ಜಾಣತನ. ಮೊದಲ ಸಂದೇಶದಲ್ಲಿ ಬೈಗುಳ ಬೇಡ: ಏನು ಕಂಡಿತು, ಜಾಹೀರಾತಿನಲ್ಲಿ ಏನಿತ್ತು, ಏನು ಬಯಸುತ್ತೀರಿ, ಯಾವ ದಿನದೊಳಗೆ ಎಂಬ ನಾಲ್ಕು ಸಾಲು ಸಾಕು. ಮುಂದೆ ಆಯೋಗದ ಮೆಟ್ಟಿಲು ಹತ್ತಿದರೆ ಓದುವವರು ಅದನ್ನೇ ಮೊದಲು ಓದುತ್ತಾರೆ.

ಮಾರುವವರಿಗೂ ಮಾತಿದೆ

ಮಾರುವವರೆಲ್ಲ ವಂಚಕರೆಂಬುದು ಅನ್ಯಾಯದ ಮಾತು. ನೆಕ್ ಬಾಗಿದೆಯೆಂದು ತಿಳಿಯದೆಯೇ ವರ್ಷಗಟ್ಟಲೆ ನುಡಿಸಿದವರಿದ್ದಾರೆ. ತಾವೇ ಸೆಕೆಂಡ್ ಹ್ಯಾಂಡ್ ಕೊಂಡು, ಒಳಗಿನ ರಿಪೇರಿ ಗೊತ್ತಿಲ್ಲದೆ ದಾಟಿಸಿದವರಿದ್ದಾರೆ. ಕೊಳ್ಳುವವರಲ್ಲೂ ಎಲ್ಲರೂ ಸಾಚಾ ಅಲ್ಲ: ಮನಸ್ಸು ಬದಲಾದಾಗ ಕುಂದು ಹುಡುಕುವವರು, ಒಳ್ಳೆಯ ಪಿಕಪ್ ಬಿಚ್ಚಿಕೊಂಡು ಅಗ್ಗದ್ದನ್ನು ಹಾಕಿ ವಾಪಸು ಕಳಿಸುವವರು ಇದ್ದಾರೆ. ಮಾರುವವರೂ ಕಳಿಸುವ ಮುನ್ನ ಫೋಟೊ, ವಿಡಿಯೊ ತೆಗೆದಿಡಬೇಕೆಂಬುದು ಇದಕ್ಕೇ.

ಕುಂದಿಗೆ ಬೆಲೆ ಇಳಿಯಲೇಬೇಕೆಂದೂ ಇಲ್ಲ. ಫೆಂಡರ್ ಕಂಪನಿಯ ಕಸ್ಟಮ್ ಶಾಪ್ 1990ರ ದಶಕದ ನಡುವಿನಿಂದ ಬೇಕೆಂದೇ ಗೀರು ಹಾಕಿ, ಬಣ್ಣ ಸವೆಸಿದ ‘ರೆಲಿಕ್’ ಗಿಟಾರ್‌ಗಳನ್ನು ಹೆಚ್ಚು ಬೆಲೆಗೆ ಮಾರುತ್ತ ಬಂದಿದೆ. ಫ್ಲೀಟ್‌ವುಡ್ ಮ್ಯಾಕ್ ಬಳಗದ ಪೀಟರ್ ಗ್ರೀನ್ ನುಡಿಸುತ್ತಿದ್ದ 1959ರ ಲೆಸ್ ಪಾಲ್‌ನ ನೆಕ್ ಪಿಕಪ್‌ನಲ್ಲಿ ಅಯಸ್ಕಾಂತ ತಿರುವುಮುರುವಾಗಿತ್ತು. ಎರಡೂ ಪಿಕಪ್ ಒಟ್ಟಿಗೆ ಹಾಕಿದರೆ ಬರುತ್ತಿದ್ದ ತೆಳುವಾದ, ಮೂಗಿನಿಂದ ಬಂದಂಥ ನಾದ ಆ ತಪ್ಪಿನ ಫಲ. ‘ಗ್ರೀನಿ’ ಎಂದೇ ಹೆಸರಾದ ಅದು ಗ್ಯಾರಿ ಮೂರ್ ಕೈ ಹಾಯ್ದು ಈಗ ಮೆಟಾಲಿಕಾದ ಕರ್ಕ್ ಹ್ಯಾಮೆಟ್ ಬಳಿಯಿದೆ. ಅದರ ದೋಷ ಎಲ್ಲರಿಗೂ ಗೊತ್ತು, ಗೊತ್ತಿದ್ದೇ ಬೆಲೆ ಕಟ್ಟುತ್ತಾರೆ. ಬಚ್ಚಿಟ್ಟ ಕುಂದಿಗೆ ಈ ಅದೃಷ್ಟವಿಲ್ಲ.

ಎಲ್ಲವನ್ನೂ ತೂಗಿ ನೋಡಿದರೆ ಒಂದು ಮಾತು ಖಚಿತ. ಖಾಸಗಿ ಮಾರಾಟದಲ್ಲಿ ಕೊಳ್ಳುವವರನ್ನು ಕಾಯುವುದು ಕೊಂಡ ಮೇಲಿನ ಹೋರಾಟಕ್ಕಿಂತ, ಕೊಳ್ಳುವ ಮೊದಲು ಬರಹದಲ್ಲಿ ಕೇಳಿದ ಪ್ರಶ್ನೆ. ಹೆಡ್‌ಸ್ಟಾಕ್ ಅಥವಾ ನೆಕ್ ಎಂದಾದರೂ ಮುರಿದಿದೆಯೇ? ಟ್ರಸ್ ರಾಡ್ ಎರಡೂ ಕಡೆ ತಿರುಗುತ್ತದೆಯೇ? ಫ್ರೆಟ್ ಕೆಲಸ ಆಗಿದೆಯೇ? ಪಿಕಪ್, ಪಾಟ್, ಕೀಗಳಲ್ಲಿ ಯಾವುದು ಬದಲಾಗಿದೆ? ಇನ್ನೇನಾದರೂ ಕುಂದಿದೆಯೇ, ಇಲ್ಲವೆಂದೇ ತಿಳಿದು ಕೊಳ್ಳಲೇ? ಐದನೆಯದು ಕುದುರೆ ಕೊಳ್ಳುವವನ ಪ್ರಶ್ನೆಯೇ. ಉತ್ತರಿಸಲು ತಡವರಿಸುವವರ ಗಿಟಾರ್ ಎಷ್ಟೇ ಅಗ್ಗವಾದರೂ ಬೇಡ. ಈ ಐದು ಪ್ರಶ್ನೆಗಳನ್ನು ಜಾಹೀರಾತು ತಾಣಗಳೇ ತಮ್ಮ ಅರ್ಜಿಯಲ್ಲಿ ಕಡ್ಡಾಯ ಮಾಡಲು ಹೆಚ್ಚು ಖರ್ಚಾಗದು. ಅವು ಮಾಡುವ ತನಕ, ಹಣ ಕಳಿಸುವ ಮುನ್ನ ನೀವೇ ಕೇಳಿ, ಉತ್ತರ ಬರಹದಲ್ಲೇ ಪಡೆಯಿರಿ.